ಪಾತಾಳಕ್ಕೆ ಇಳಿಯುವ ಹಗ್ಗ ಯಾರ ಕೈಯಲ್ಲಿರಬೇಕು?



ಬೆಟ್ಟ ಹತ್ತಿದವರ ಚರಿತ್ರೆಯನ್ನು ನಾವು ಆಸಕ್ತಿಯಿಂದ ಓದುತ್ತೇವೆ. ಭೂಮಿಯ ಒಡಲಿಗೆ ಇಳಿದವರ ಚರಿತ್ರೆ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, 'ಡಿಸೆಂಡರ್' ಎಂಬ ಲೋಹದ ಸಾಧನವೊಂದು ಆ ಚರಿತ್ರೆಯ ದಿಕ್ಕನ್ನೇ ಬದಲಿಸಿತು.

ಆಧುನಿಕ ಗುಹಾಶಾಸ್ತ್ರದ ಪಿತಾಮಹನೆನಿಸಿದ ಫ್ರಾನ್ಸಿನ ಎದುವಾರ್ ಆಲ್ಫ್ರೆದ್ ಮಾರ್ತೆಲ್ ವೃತ್ತಿಯಿಂದ ವಕೀಲ. ಆತ ೧೮೮೯ರಲ್ಲಿ ಪಾದಿರಾಕ್ ಕೂಪವನ್ನೂ, ೧೮೯೫ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ, ಸುಮಾರು ನೂರು ಮೀಟರ್ ಆಳದ ಗೇಪಿಂಗ್ ಗಿಲ್ ಕೂಪವನ್ನೂ ಹಗ್ಗದ ಏಣಿಗಳ ನೆರವಿನಿಂದ ಇಳಿದನು. ಮುಂದೆ ಏಣಿಗಳ ಜೊತೆಗೆ ಉಕ್ಕಿನ ತಂತಿಹಗ್ಗದ ವಿಂಚ್‌ಗಳೂ ಬಂದವು. ವಿಂಚ್‌ನಲ್ಲಿ ಇಳಿಯುವವನ ಪ್ರಾಣ ಸಂಪೂರ್ಣವಾಗಿ ಮೇಲಿನ ಯಂತ್ರವನ್ನು ಅವಲಂಬಿಸಿತ್ತು.

ಈ ಅವಲಂಬನೆಯ ಬೆಲೆ ೧೯೫೨ರ ಆಗಸ್ಟ್‌ನಲ್ಲಿ ತಿಳಿಯಿತು. ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿರೆನೀಸ್ ಪರ್ವತಗಳಲ್ಲಿ ಪಿಯೆರ್ ಸೇಂಟ್ ಮಾರ್ತಿನ್ ಎಂಬ ಗುಹೆಯಿದೆ. ಅದರ ಸುಮಾರು ೩೨೦ ಮೀಟರ್ ಆಳದ ಕೂಪದ ತಳದಿಂದ ಮಾರ್ಸೆಲ್ ಲೂಬೆನ್ಸ್ ಎಂಬ ಅನ್ವೇಷಕನನ್ನು ವಿಂಚ್ ಮೂಲಕ ಮೇಲೆತ್ತಲಾರಂಭಿಸಿದ ಸ್ವಲ್ಪದರಲ್ಲೇ, ತಂತಿಯನ್ನು ಬಿಗಿದಿದ್ದ ಹಿಡಿಕೆ ಕಳಚಿತು. ಬಂಡೆಗಳ ಮೇಲೆ ಬಿದ್ದ ಆತ ಗುಹೆಯೊಳಗೇ ಅಸುನೀಗಿದನು. ಅವನ ದೇಹವನ್ನು ಹೊರತರಲು ಸಾಧ್ಯವಾದದ್ದು ೧೯೫೪ರಲ್ಲಿ.

ಇಳಿಯುವವನೇ ತನ್ನ ವೇಗವನ್ನು ನಿಯಂತ್ರಿಸುವ ಉಪಾಯ ಪರ್ವತಾರೋಹಿಗಳಿಗೆ ಮೊದಲೇ ಗೊತ್ತಿತ್ತು. ಶಾಮೊನಿಯ ಮಾರ್ಗದರ್ಶಿ ಜಾನ್ ಶಾರ್ಲೆ ೧೮೭೦ರ ದಶಕದಲ್ಲಿ ಹಗ್ಗದ ಮೇಲೆ ಜಾರಿ ಇಳಿಯುವ ಕ್ರಮವನ್ನು ರೂಢಿಸಿಕೊಂಡನು. ೧೯೧೫ರಲ್ಲಿ ಮಹಾಯುದ್ಧಕ್ಕೆ ಬಲಿಯಾದ ಜರ್ಮನಿಯ ತರುಣ ಹಾನ್ಸ್ ಡ್ಯೂಲ್ಫರ್‌ನ ಹೆಸರು, ತೊಡೆ ಮತ್ತು ಹೆಗಲಿಗೆ ಹಗ್ಗ ಸುತ್ತಿ ಇಳಿಯುವ ಪದ್ಧತಿಗೆ ಅಂಟಿಕೊಂಡಿದೆ. ಇದರ ತತ್ತ್ವ ನಮ್ಮ ರೈತರಿಗೆ ಹೊಸದಲ್ಲ. ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿದರೆ ಸೊಕ್ಕಿದ ಹೋರಿಯನ್ನೂ ಒಬ್ಬನೇ ತಡೆಯಬಲ್ಲ. ಅದು ಘರ್ಷಣೆಯ ಮಹಿಮೆ.

ಆದರೆ ಘರ್ಷಣೆ ಶಾಖವನ್ನು ಹುಟ್ಟಿಸುತ್ತದೆ. ತರಗತಿಯ ಲೆಕ್ಕವನ್ನು ನೆನಪಿಸಿಕೊಳ್ಳಿ: ೭೦ ಕಿಲೋಗ್ರಾಂ ತೂಕದವನು ೧೦೦ ಮೀಟರ್ ಇಳಿದರೆ ಸುಮಾರು ೬೮,೬೦೦ ಜೂಲ್ ಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಒಂದು ಲೋಟ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಅದನ್ನು ತೊಡೆ, ಹೆಗಲುಗಳು ತಾಳಲಾರವು, ಲೋಹ ಬೇಕು.

೧೯೬೬ರಲ್ಲಿ ಅಮೆರಿಕದ ಜಾನ್ ಕೋಲ್ 'ರ್‍ಯಾಕ್' ಎಂಬ ಸಾಧನವನ್ನು ರೂಪಿಸಿದನು. ಉದ್ದನೆಯ ಲೋಹದ ಚೌಕಟ್ಟಿನಲ್ಲಿ ಅಡ್ಡಸರಳುಗಳು. ಹಗ್ಗ ಅವುಗಳ ಮೇಲೆ ಕೆಳಗೆ ಹೆಣೆದುಕೊಂಡು ಸಾಗುತ್ತದೆ. ಮುನ್ನೂರು ಮೀಟರ್ ಆಳದ ನೇರ ಕೂಪದಲ್ಲಿ ಕೆಳಗೆ ತೂಗುವ ಹಗ್ಗದ ಭಾರವೇ ಇಪ್ಪತ್ತು ಕಿಲೋ ಮೀರಬಹುದು. ಆದ್ದರಿಂದ ಆರಂಭದಲ್ಲಿ ಜಾರುವುದೇ ಕಷ್ಟ, ತಳ ಸಮೀಪಿಸಿದಂತೆ ವೇಗ ಹೆಚ್ಚು. ರ್‍ಯಾಕ್‌ನಲ್ಲಿ ದಾರಿಯಲ್ಲೇ ಸರಳುಗಳನ್ನು ಸೇರಿಸಬಹುದು, ಬಿಡಿಸಬಹುದು.

ಅದೇ ದಶಕದ ಕೊನೆಯಲ್ಲಿ ಫ್ರಾನ್ಸಿನ ಬ್ರುನೊ ದ್ರೆಸ್ಲರ್ ಮತ್ತು ಫೆರ್ನಾಂ ಪೆಟ್ಜಲ್ ಎರಡು ಉರುಳೆಗಳ 'ಬಾಬಿನ್' ಮಾದರಿಯನ್ನು ಬಳಕೆಗೆ ತಂದರು. ಐರೋಪ್ಯ ಗುಹೆಗಳಲ್ಲಿ ಹಗ್ಗ ಬಂಡೆಗೆ ಉಜ್ಜದಂತೆ ನಡುನಡುವೆ ಕಟ್ಟುತ್ತಾರೆ. ಪ್ರತಿ ಕಟ್ಟಿನಲ್ಲೂ ಹಗ್ಗ ಬಿಡಿಸಿ ಮತ್ತೆ ತೊಡಿಸಬೇಕು. ಸೊಂಟದ ಪಟ್ಟಿಯಿಂದ ಕಳಚದೆಯೇ ತೆರೆದುಕೊಳ್ಳುವ ಬಾಬಿನ್ ಅಲ್ಲಿಗೆ ಸೂಕ್ತ. ಇಂಗ್ಲಿಷ್ ಅಂಕಿ ಎಂಟರ ಆಕಾರದ ಸಾಧನ ಸರಳವಾದರೂ ಹಗ್ಗವನ್ನು ತಿರುಚುತ್ತದೆ; ಹಗ್ಗ ತೊಡಿಸಲು ಸಾಮಾನ್ಯವಾಗಿ ಅದನ್ನು ಪಟ್ಟಿಯಿಂದ ಕಳಚಬೇಕಾಗುತ್ತದೆ. ಕತ್ತಲಲ್ಲಿ ಕೈಜಾರಿದರೆ ಹೋಯಿತು.

ಹಿಡಿ ಬಿಟ್ಟೊಡನೆ ತಾನೇ ನಿಲ್ಲುವ ಸಾಧನಗಳೂ ಬಂದವು. ಆದರೆ ಭಯಗೊಂಡ ಮನುಷ್ಯ ಹಿಡಿ ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಅಮುಕುತ್ತಾನೆ. ಆಗ ಹಗ್ಗ ಸರ್ರನೆ ಓಡುತ್ತದೆ. ಇದನ್ನರಿತು, ಅತಿಯಾಗಿ ಅಮುಕಿದರೂ ನಿಲ್ಲುವ ಮಾದರಿಗಳನ್ನು ನಿರ್ಮಿಸಲಾಗಿದೆ.

ಹಾಗಾದರೆ ಯಾವುದು ಶ್ರೇಷ್ಠ? ಕೂಪದ ಆಳ, ಹಗ್ಗದ ದಪ್ಪ, ನಡುವಿನ ಕಟ್ಟುಗಳು, ಇಳಿಯುವವನ ಅಭ್ಯಾಸ, ಇವನ್ನು ಕೇಳದೆ ಉತ್ತರಿಸಲಾಗದು. ಚಾರಣ, ಬಂಡೆ ಇಳಿಯುವ ಸಾಹಸಗಳಿಗೆ ಹೊರಡುವ ನಿಮ್ಮಲ್ಲಿ ಕೆಲವರಿಗೆ ನನ್ನದೊಂದು ಮಾತು: ಸಾಧನವನ್ನು ಅಂಗಡಿಯ ಹೊಳಪು ನೋಡಿ ಕೊಳ್ಳಬೇಡಿ. ಬಲ್ಲ ಗುರುವಿನೆದುರು, ನೆಲದಿಂದ ಎರಡಾಳು ಎತ್ತರದಲ್ಲಿ, ಕೈಗೆ ಪಳಗುವವರೆಗೆ ಅಭ್ಯಾಸ ಮಾಡಿ. ಲೂಬೆನ್ಸನ ಕೈಯಲ್ಲಿ ಏನೂ ಇರಲಿಲ್ಲ. ನಿಮ್ಮ ಕೈಯಲ್ಲಿ ಹಗ್ಗವಿರುತ್ತದೆ. ಅದನ್ನು ಹಿಡಿಯುವುದನ್ನು ಮೊದಲು ಕಲಿಯಿರಿ.