ಹಸು, ಹುಲಿ, ಇಲಿ, ತೋಳ: ಇಂಗ್ಲಿಷ್ ಕಾಂಪ್ರಹೆನ್ಷನ್ ಪರೀಕ್ಷೆ ನಡೆದುಬಂದ ದಾರಿ

ಹಸು, ಹುಲಿ, ಇಲಿ, ತೋಳ. ಈ ನಾಲ್ಕರಲ್ಲಿ ಹೊಲಗದ್ದೆಯಲ್ಲಿ ಉಪಯೋಗಕ್ಕೆ ಬರುವ ಪ್ರಾಣಿ ಯಾವುದೋ ಅದರ ಹೆಸರಿನ ಸುತ್ತ ಗೆರೆ ಎಳೆಯಿರಿ. ಅಮೆರಿಕದ ಕನ್ಸಾಸ್‌ನಲ್ಲಿ ಫ್ರೆಡ್ರಿಕ್ ಕೆಲಿ 1915ರ ಸುಮಾರಿಗೆ ಶಾಲಾಮಕ್ಕಳಿಗಾಗಿ ತಯಾರಿಸಿದ ಮೌನ ಓದಿನ ಪರೀಕ್ಷೆಯಲ್ಲಿ ಇಂಥದೊಂದು ಪ್ರಶ್ನೆ ಇತ್ತು. ಸರಿಯುತ್ತರ ಒಂದೇ ಇರಬೇಕು, ತಿದ್ದುವವರ ಇಷ್ಟಾನಿಷ್ಟಕ್ಕೆ ಎಡೆ ಇರಬಾರದು, ಕಂತೆಗಟ್ಟಲೆ ಪತ್ರಿಕೆಗಳನ್ನು ಬೇಗ ತಿದ್ದಿ ಮುಗಿಸುವಂತಿರಬೇಕು ಎಂಬುದು ಅವರ ಲೆಕ್ಕ. ಬ್ಯಾಂಕ್ ಪರೀಕ್ಷೆಯಿಂದ ಹಿಡಿದು ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ವರೆಗೆ ನಾವು ಇವತ್ತು ಟಿಕ್ ಮಾಡುವ ಆಯ್ಕೆಗಳ ಬೇರು ಅಲ್ಲಿದೆ. ಆದರೆ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಮಗುವಿಗೆ ಆ ನಾಲ್ಕು ಹೆಸರು ಕಂಡರೆ ಸಾಕು, ಪ್ರಶ್ನೆಯನ್ನು ಪೂರ್ತಿ ಓದಬೇಕೆಂದೂ ಇಲ್ಲ. ಪುಟದಿಂದ ತಿಳಿದುಕೊಂಡದ್ದೆಷ್ಟು, ತಲೆಯಲ್ಲಿ ಮೊದಲೇ ಇದ್ದದ್ದೆಷ್ಟು? ಇವೆರಡನ್ನೂ ಬೇರ್ಪಡಿಸಲು ಪ್ರಶ್ನೆಪತ್ರಿಕೆ ತಯಾರಿಸುವವರು ನೂರು ವರ್ಷದಿಂದ ಹೆಣಗುತ್ತಿದ್ದಾರೆ. ಓದದೆಯೇ ಉತ್ತರ ಹಿಡಿಯುವ ದಾರಿಯನ್ನು ಪರೀಕ್ಷೆ ಬರೆಯುವವರೂ ಅಷ್ಟೇ ಶ್ರದ್ಧೆಯಿಂದ ಹುಡುಕುತ್ತಿದ್ದಾರೆ.

ಅದಕ್ಕೂ ಮೊದಲು ಪರೀಕ್ಷೆಯ ಸ್ವರೂಪವೇ ಬೇರೆ ಇತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯ 1913ರಲ್ಲಿ ಪರಭಾಷಿಕರಿಗೆಂದು ಪ್ರೊಫಿಶಿಯನ್ಸಿ ಪರೀಕ್ಷೆ ಶುರುಮಾಡಿದಾಗ ಅದು ಒಟ್ಟು 12 ಗಂಟೆಯ ಪರೀಕ್ಷೆ. ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ ಎಲ್ಲವೂ ಇತ್ತು. ಓದಿ ಅರ್ಥಮಾಡಿಕೊಳ್ಳುವುದಕ್ಕೆಂದು ಪ್ರತ್ಯೇಕ ಪತ್ರಿಕೆ ಇರಲಿಲ್ಲ. ಕಿವಿಯ ಪಾಲಿಗೆ ಉಕ್ತಲೇಖನ ಮತ್ತು ಸಂಭಾಷಣೆ. ಮೊದಲ ವರ್ಷ ಕೂತವರು ಮೂರೇ ಜನ, ಮೂವರೂ ನಪಾಸು.

ಓದು ಎಂದರೆ ಏನು ಎಂದು ಗಂಭೀರವಾಗಿ ಕೇಳಿದವರು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್. ಅವರ 1917ರ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ, ಏಕೆಂದರೆ ಅವರು ಸರಿಯುತ್ತರ ಎಣಿಸುತ್ತ ಕೂರದೆ ತಪ್ಪುತ್ತರಗಳನ್ನು ಬಿಡಿಸಿ ನೋಡಿದರು. ಫ್ರಾಂಕ್ಲಿನ್ ಎಂಬ ಊರಿನಲ್ಲಿ ಮಕ್ಕಳು ಶಾಲೆಗೆ ಬರುವುದು ಕಡ್ಡಾಯ ಎಂಬ ನಿಯಮದ ಮೇಲೆ ಒಂದು ಪುಟ್ಟ ಪ್ಯಾರಾ. ಕೆಲವು ಮಕ್ಕಳು ಫ್ರಾಂಕ್ಲಿನ್ ಎಂದರೆ ಮನುಷ್ಯ ಎಂದುಕೊಂಡು ಉತ್ತರ ಬರೆದಿದ್ದರು. ವಾಕ್ಯದಲ್ಲಿ ಒಂದು ಪದ ತನ್ನ ಪಾಲಿಗಿಂತ ಹೆಚ್ಚು ಮೆರೆದುಬಿಡುತ್ತದೆ, ಇನ್ನೊಂದು ಮಂಕಾಗುತ್ತದೆ; ಓದು ತಪ್ಪುವುದು ಹೀಗೆ ಎಂದರು ಥಾರ್ನ್‌ಡೈಕ್. ಪ್ಯಾಸೇಜಿನಲ್ಲಿ ಕಂಡ ಒಂದು ಪದವನ್ನು ಪ್ರಶ್ನೆಯಲ್ಲೂ ಕಂಡ ಕೂಡಲೇ ಆ ಸಾಲನ್ನು ಇಡಿಯಾಗಿ ಇಳಿಸಿಬರುವ ನಮ್ಮ ಹೈಸ್ಕೂಲು ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಾರದು.

ಭಾರತದ ಮಟ್ಟಿಗೆ ಓದಿಗೆ ಮೊದಲ ಮಣೆ ಹಾಕಿದವರು ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್. ಬಂಗಾಳದ ಶಾಲೆಗಳನ್ನು ನೋಡಿದ ಅವರ ತರ್ಕ ಜೀವವಿಮೆಯವರದು. ಪಾಲಿಸಿಯನ್ನು ನಡುವೆ ಬಿಟ್ಟರೂ ಸರೆಂಡರ್ ವ್ಯಾಲ್ಯೂ ಎಂದು ಒಂದಿಷ್ಟು ಕೈಗೆ ಬರಬೇಕಲ್ಲ? ಹೆಚ್ಚಿನ ಮಕ್ಕಳು ಅರ್ಧಕ್ಕೇ ಶಾಲೆ ಬಿಡುತ್ತಾರೆ. ಅಷ್ಟರಲ್ಲಿ ಕಲಿತ ಇಂಗ್ಲಿಷಿನಿಂದ ಏನಾದರೂ ಉಪಯೋಗವಾಗಬೇಕಾದರೆ ಅದು ಓದು ಮಾತ್ರ ಎಂದು 1926ರಲ್ಲಿ ಬಂದ ತಮ್ಮ ದ್ವಿಭಾಷಿಕತೆಯ ಕುರಿತ ವರದಿಯಲ್ಲಿ ವಾದಿಸಿದರು. ಆಯ್ದ ಪದಗಳಲ್ಲೇ ಬರೆದ ರೀಡರ್‌ಗಳು ಆ ವಾದದಿಂದ ಹುಟ್ಟಿದವು. ಆದರೆ ವೆಸ್ಟ್ ಬಯಸಿದ್ದು ಮಕ್ಕಳು ತಾವಾಗಿ ಹೆಚ್ಚು ಹೆಚ್ಚು ಓದಲಿ ಎಂದು. ನಮ್ಮಲ್ಲಿ ಬೇರೂರಿದ್ದು ಅನ್‌ಸೀನ್ ಪ್ಯಾಸೇಜ್: ಒಂದು ಪ್ಯಾರಾ, ನಾಲ್ಕೈದು ಪ್ರಶ್ನೆ, ತಯಾರಿಯೆಂದರೆ ಅಂಥವೇ ಇನ್ನಷ್ಟು ಪ್ಯಾರಾ.

ಕಿವಿಯ ಪರೀಕ್ಷೆ ಬಂದದ್ದು ನಿಧಾನವಾಗಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಾಡೊ 1940ರ ದಶಕದಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದು ಆಲಿಸುವ ಪರೀಕ್ಷೆ ರೂಪಿಸಿದರು. ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆಂಬುದು ಅವರ ತಾಯ್ನುಡಿಯಿಂದ ಗೊತ್ತಾಗುತ್ತದೆ, ಆ ತೊಡಕುಗಳನ್ನು ಒಂದೊಂದಾಗಿ ಬಿಡಿಸಿ ಕೇಳಿದರಾಯಿತು ಎಂಬುದು ಅವರ ನಂಬಿಕೆ. ಬಿಡಿಬಿಡಿಯಾಗಿ ಅಳೆದರೆ ಇಡೀ ಮಾತಿನ ಅರ್ಥ ಕೈತಪ್ಪುತ್ತದೆ ಎಂದು 1961ರಲ್ಲೇ ಜಾನ್ ಕ್ಯಾರಲ್ ಎಚ್ಚರಿಸಿದ್ದರು. ಆದರೂ 1964ರಲ್ಲಿ ಮೊದಲ ಬಾರಿ ನಡೆದ ಅಮೆರಿಕದ ಟೋಫೆಲ್ ಪರೀಕ್ಷೆ ಬಹುಮಟ್ಟಿಗೆ ಬಿಡಿ ಪ್ರಶ್ನೆಗಳ ದಾರಿಯನ್ನೇ ಹಿಡಿಯಿತು. ಸಾವಿರಾರು ಜನರನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಲು ಅದೇ ಸಲೀಸು.

ಬ್ರಿಟನ್ನಿನಲ್ಲಿ 1980ರಲ್ಲಿ ಬಂದ ಇಎಲ್‌ಟಿಎಸ್ ಇನ್ನೊಂದು ತುದಿಗೆ ಹೋಯಿತು. ವೈದ್ಯಕೀಯ ಓದಲು ಬರುವವರಿಗೆ ವೈದ್ಯಕೀಯದ ಪಠ್ಯ, ತಂತ್ರಜ್ಞಾನದವರಿಗೆ ತಂತ್ರಜ್ಞಾನದ ಪಠ್ಯ. 1989ರಲ್ಲಿ ಅದು ಐಇಎಲ್‌ಟಿಎಸ್ ಆದಾಗ ವಿಷಯವಾರು ಓದಿನ ಪತ್ರಿಕೆಗಳು ಮೂರಕ್ಕಿಳಿದವು. 1995ರಲ್ಲಿ ಆ ಮೂರೂ ಹೋಗಿ ಎಲ್ಲ ಉನ್ನತ ವ್ಯಾಸಂಗಾರ್ಥಿಗಳಿಗೂ ಒಂದೇ ಪತ್ರಿಕೆ ಉಳಿಯಿತು. ಇದರ ಹಿಂದಿನ ಜಿಜ್ಞಾಸೆಯನ್ನು ಕ್ಯಾರೊಲಿನ್ ಕ್ಲಾಫಮ್ ವರ್ಷಗಟ್ಟಲೆ ಕೆದಕಿದ್ದಾರೆ. ಜೀವಶಾಸ್ತ್ರದ ಪತ್ರಿಕೆಯಿಂದ ಆಯ್ದ ಪಠ್ಯವಾದ ಮಾತ್ರಕ್ಕೆ ಅದು ಜೀವಶಾಸ್ತ್ರದವರಿಗೆ ಸುಲಭವಾಗಬೇಕೆಂದಿಲ್ಲ, ಪಠ್ಯ ಎಷ್ಟು ವಿಶೇಷಜ್ಞಾನ ಬೇಡುತ್ತದೆ ಎಂಬುದನ್ನು ಅದರ ಮೂಲ ನೋಡಿ ಹೇಳಲಾಗದು ಎಂಬುದು ಅವರ ಅಧ್ಯಯನದಲ್ಲಿ ಕಂಡ ಸಂಗತಿ.

ಮೊದಲೇ ತಿಳಿದದ್ದು ಹೇಗೆ ಅಡ್ಡ ಬರುತ್ತದೆ ಎಂಬುದು ಐಇಎಲ್‌ಟಿಎಸ್‌ನ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಪ್ಯಾಸೇಜಿನಲ್ಲಿ ‘ಬಾಬಾ ಬುಡನ್ ಯೆಮೆನ್‌ನಿಂದ 7 ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯವಿದೆ’ ಎಂದಿಷ್ಟೇ ಇದೆ ಎನ್ನೋಣ. ಕೆಳಗಿನ ಹೇಳಿಕೆ: ‘ಐತಿಹ್ಯದ ಪ್ರಕಾರ ಅವರು ಬೀಜಗಳನ್ನು ಕದ್ದುಮುಚ್ಚಿ ತಂದರು.’ ಮಲೆನಾಡಿನ ಹುಡುಗ ಕಣ್ಣುಮುಚ್ಚಿ ಟ್ರೂ ಎನ್ನುತ್ತಾನೆ. ಕಥೆ ಗೊತ್ತಿದೆ, ಕಥೆಯೂ ಹಾಗೇ ಇದೆ. ಅಂಕ ಮಾತ್ರ ನಾಟ್ ಗಿವನ್ ಎಂದವನಿಗೆ, ಏಕೆಂದರೆ ಕದ್ದು ತಂದ ಮಾತು ಆ ಪ್ಯಾಸೇಜಿನಲ್ಲಿಲ್ಲ. ತಿಳಿದವನಿಗೇ ಇಲ್ಲಿ ಪೆಟ್ಟು. ಇದನ್ನು ಜಾಣ ಪ್ರಶ್ನೆ ಎನ್ನಲು ನನಗೆ ಅಡ್ಡಿಯಿಲ್ಲ, ನ್ಯಾಯದ ಪ್ರಶ್ನೆ ಎನ್ನಲು ಸ್ವಲ್ಪ ಅನುಮಾನ. ನಿಜಜೀವನದಲ್ಲಿ ಯಾರೂ ಗೊತ್ತಿರುವುದನ್ನು ಹೊರಗಿಟ್ಟು ಓದುವುದಿಲ್ಲ.

ಈ ಗೊಂದಲಕ್ಕೆ ಬೇರೊಂದು ಉತ್ತರ ಹುಡುಕುವ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆಗೂಡಿ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳ ನಡುವೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ತರಗತಿಯಲ್ಲಿ ರೈಲಿನ ವೇಳಾಪಟ್ಟಿ ಕೊಡುವುದು, ಇಂತಿಷ್ಟು ಗಂಟೆಗೆ ಇಂಥ ಊರು ಸೇರಬೇಕಾದರೆ ಯಾವ ರೈಲು ಹಿಡಿಯಬೇಕು ಎಂದು ಕೇಳುವುದು. ನಕ್ಷೆ ಕೊಟ್ಟು ದಾರಿ ಕೇಳುವುದು. ಮೊದಲು ಮೇಷ್ಟ್ರು ಇಡೀ ತರಗತಿಯೊಂದಿಗೆ ಮಾತಾಡುತ್ತ ಒಂದು ಲೆಕ್ಕ ಬಿಡಿಸುತ್ತಾರೆ. ಮಕ್ಕಳು ಆ ಇಂಗ್ಲಿಷನ್ನು ಕೇಳಿಸಿಕೊಳ್ಳಲೇಬೇಕು, ಇಲ್ಲವಾದರೆ ಮುಂದೆ ತಾವೇ ಮಾಡಬೇಕಾದ ಲೆಕ್ಕ ಆಗುವುದಿಲ್ಲ. ವ್ಯಾಕರಣದ ಪಾಠವಿಲ್ಲ. ಉತ್ತರ ತಲೆಯಲ್ಲಿ ಮೊದಲೇ ಇರಲು ಸಾಧ್ಯವಿಲ್ಲ, ಪಟ್ಟಿ ಓದಿದರೇ ಸಿಗಬೇಕು. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು. ಇಂಥ ಟಾಸ್ಕ್ ಆಧಾರಿತ ಬೋಧನೆಯ ಚರಿತ್ರೆ ಬರೆಯುವವರು ಯಾರೂ ಆ ಹೆಸರನ್ನು ಬಿಡುವಂತಿಲ್ಲ. ಆದರೆ ನಮ್ಮ ಸಾರ್ವಜನಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯೊಂದೂ ಅದರಿಂದ ಬದಲಾದಂತೆ ಕಾಣುವುದಿಲ್ಲ.

ಇತ್ತ ತಯಾರಿ ತಾನೇ ಒಂದು ಉದ್ಯಮವಾಗಿ ಬೆಳೆದಿತ್ತು. ಸ್ಟ್ಯಾನ್ಲಿ ಕಪ್ಲಾನ್ ಬ್ರೂಕ್ಲಿನ್‌ನ ಮನೆಯಲ್ಲಿ 1938ರಲ್ಲಿ ಪಾಠ ಶುರುಮಾಡಿದ್ದು ಮುಂದೆ ಜಾಗತಿಕ ಕೋಚಿಂಗ್ ಕಂಪನಿಯಾಯಿತು. ಪರೀಕ್ಷೆ ಪಾಠವನ್ನು ಕೆಡಿಸುತ್ತದೆ ಎಂಬ ದೂರು ಹಳೆಯದು. ಅದನ್ನು ಪರೀಕ್ಷಿಸಿ ನೋಡಿದವರು ಕಡಿಮೆ. ಚಾರ್ಲ್ಸ್ ಆಲ್ಡರ್ಸನ್ ಮತ್ತು ಡಯಾನ್ ವಾಲ್ ಶ್ರೀಲಂಕಾದ ಶಾಲೆಗಳಲ್ಲಿ ಹೊಸ ಇಂಗ್ಲಿಷ್ ಪರೀಕ್ಷೆಯ ಪರಿಣಾಮ ನೋಡಿದಾಗ, ಮೇಷ್ಟ್ರು ಏನು ಕಲಿಸುತ್ತಾರೆ ಎಂಬುದು ಬದಲಾಗಿತ್ತು, ಹೇಗೆ ಕಲಿಸುತ್ತಾರೆ ಎಂಬುದು ಹಾಗೇ ಇತ್ತು. ಇದಕ್ಕಿಂತ ಮುಜುಗರದ ಸಂಗತಿ ಆಲ್ಡರ್ಸನ್ ಅವರು ಮುಂಬೈನ ಯಾಸ್ಮೀನ್ ಲುಕ್ಮಾನಿ ಜೊತೆ 1989ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಒಂದೊಂದು ಪ್ರಶ್ನೆ ಯಾವ ಕೌಶಲವನ್ನು ಅಳೆಯುತ್ತದೆ, ನೇರ ಮಾಹಿತಿಯನ್ನೋ ಊಹೆಯನ್ನೋ ಸಾರಗ್ರಹಣವನ್ನೋ ಎಂದು ಪರಿಣತರನ್ನು ಕೇಳಿದರೆ ಅವರವರಲ್ಲೇ ಒಮ್ಮತ ಬರಲಿಲ್ಲ. ‘ಇನ್‌ಫರೆನ್ಸ್ ಪ್ರಶ್ನೆಗೆ ಹತ್ತು ಸೂತ್ರಗಳು’ ಎಂಬ ಬಗೆಯ ಕೋಚಿಂಗ್ ನೋಟ್ಸು ಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ದುಡ್ಡು ಉಳಿದೀತು.

ಹಾಗೆಂದು ಪ್ರಶ್ನೆಪತ್ರಿಕೆಯ ಪರಿಚಯ ಬೇಡವೆಂದಲ್ಲ. ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಧ್ವನಿ ಒಂದೇ ಸಲ ಕೇಳುತ್ತದೆ. ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಫೋನ್ ಮಾತುಕತೆ ಕೇಳಿ ಫಾರಂ ತುಂಬುವುದಿರುತ್ತದೆ. ಆ ಕಡೆಯವರು ಟ್ಯೂಸ್‌ಡೇ ಎನ್ನುತ್ತಾರೆ, ಪರೀಕ್ಷೆಗೆ ಕೂತವರು ಬರೆದುಕೊಳ್ಳುತ್ತಾರೆ, ಎರಡು ವಾಕ್ಯ ಕಳೆದು ‘ಅಯ್ಯೋ, ಅವತ್ತು ರಜೆ, ಥರ್ಸ್‌ಡೇ ಬನ್ನಿ’ ಎನ್ನುತ್ತಾರೆ. ಬರೆದದ್ದನ್ನು ಹೊಡೆದುಹಾಕುವ ಹೊತ್ತಿಗೆ ಮುಂದಿನ ಉತ್ತರ, ಒಂದು ಫೋನ್ ನಂಬರು, ದಾಟಿಹೋಗಿರುತ್ತದೆ. ಇದೊಂದು ಗೊತ್ತಿದ್ದರೆ ಒಂದೆರಡು ಅಂಕ ಉಳಿಯುತ್ತದೆ. ಆದರೆ ಜಾನ್ ಫೀಲ್ಡ್ ಉಪನ್ಯಾಸದ ಭಾಗವನ್ನು ಹಿಡಿದು ನಡೆಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಅಭ್ಯರ್ಥಿಗಳಲ್ಲಿ ಹಲವರು ಉಪನ್ಯಾಸವನ್ನು ಆಲಿಸುತ್ತಿರಲಿಲ್ಲ. ಪ್ರಶ್ನೆಯಲ್ಲಿದ್ದ ಪದ ಯಾವಾಗ ಕಿವಿಗೆ ಬೀಳುತ್ತದೆ ಎಂದು ಹೊಂಚು ಹಾಕುತ್ತಿದ್ದರು. ಪಾಠ ಕೇಳಿ ಟಿಪ್ಪಣಿ ಮಾಡಿಕೊಳ್ಳಲು ಬೇಕಾದ ಶಕ್ತಿಯೇ ಬೇರೆ.

ವೃತ್ತಿಯ ಪರೀಕ್ಷೆಗಳಲ್ಲಿ ಪರೀಕ್ಷೆಗೂ ನಿಜದ ಕೆಲಸಕ್ಕೂ ನಡುವಿನ ಈ ಅಂತರ ಸ್ವಲ್ಪ ಕಿರಿದು. ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಬ್ರಿಟನ್ನಿಗೆ, ಆಸ್ಟ್ರೇಲಿಯಕ್ಕೆ ಹೊರಡುವವರ ಬಾಯಲ್ಲಿ ಈಗ ಒಇಟಿ ಎಂಬ ಹೆಸರಿರುತ್ತದೆ. ಆಸ್ಟ್ರೇಲಿಯದಲ್ಲಿ 1980ರ ದಶಕದ ಕೊನೆಗೆ ಟಿಮ್ ಮೆಕ್‌ನಮಾರ ರೂಪಿಸಿದ ಈ ಪರೀಕ್ಷೆಯನ್ನು ಬ್ರಿಟನ್ನಿನ ನರ್ಸಿಂಗ್ ಮಂಡಳಿ 2017ರಲ್ಲಿ ಒಪ್ಪಿಕೊಂಡಿತು. ಲಿಸನಿಂಗ್‌ನ ಮೊದಲ ಭಾಗದಲ್ಲಿ ರೋಗಿ ತನ್ನ ನೋವು ಹೇಳಿಕೊಳ್ಳುತ್ತಾನೆ, ಅಭ್ಯರ್ಥಿ ಕೇಸ್ ನೋಟ್ಸ್ ತುಂಬಬೇಕು. ರೀಡಿಂಗ್‌ನ ಮೊದಲ ಭಾಗದಲ್ಲಿ ಒಂದೇ ವಿಷಯದ ಮೇಲೆ ನಾಲ್ಕು ಚಿಕ್ಕ ಪಠ್ಯ, 20 ಪ್ರಶ್ನೆ, 15 ನಿಮಿಷ. ಹೊತ್ತು ಮುಗಿದೊಡನೆ ಆ ಹಾಳೆ ವಾಪಸ್. ವಾರ್ಡಿನಲ್ಲಿ ಔಷಧದ ಪ್ರಮಾಣವನ್ನು ಪಟ್ಟಿಯಲ್ಲಿ ತಟ್ಟನೆ ಹುಡುಕಿದವರಿಗೆ ಈ ಓದು ಹೊಸದಲ್ಲ. ತಲೆಯಲ್ಲಿರುವ ಜ್ಞಾನವನ್ನು ಹೊರಗಟ್ಟದೆ ಕೆಲಸಕ್ಕೆ ಹಚ್ಚುವ ಪರೀಕ್ಷೆ ಇದು, ಅದಕ್ಕೇ ನನಗೆ ಮೆಚ್ಚು.

ಉಳಿದ ಪರೀಕ್ಷೆಗಳಲ್ಲಿ ಸೋಲಿಸುವುದು ಬಹಳ ಮಟ್ಟಿಗೆ ವೇಗ. ಐಇಎಲ್‌ಟಿಎಸ್ ಅಕಾಡೆಮಿಕ್ ರೀಡಿಂಗ್‌ನ ಮೂರು ಪಠ್ಯ ಸೇರಿ 2,750 ಪದದವರೆಗೂ ಹೋಗುತ್ತದೆ, ಸಮಯ 60 ನಿಮಿಷ, ಪ್ರಶ್ನೆ 40. ನಿಮಿಷಕ್ಕೆ 200 ಪದ ಓದುವವರು 14 ನಿಮಿಷದಲ್ಲಿ ಮುಗಿಸಿ ಪ್ರಶ್ನೆಗಳ ಹತ್ತಿರ ಕೂರುತ್ತಾರೆ. 100 ಪದ ಓದುವವರ ಅರ್ಧ ಹೊತ್ತು ಬರೀ ಓದಿಗೇ ಹೋಯಿತು. ಈ ವೇಗ ಸೂತ್ರದಿಂದ ಬರುವುದಿಲ್ಲ, ಪದಸಂಪತ್ತಿನಿಂದ ಬರುತ್ತದೆ. ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಂತೆ, ಬರಹದ ಶೇಕಡಾ 98ರಷ್ಟು ಪದಗಳು ಗೊತ್ತಿರಬೇಕಾದರೆ 8,000ದಿಂದ 9,000 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರಿಂದಾದ ರೂಪಗಳು ಸೇರಿ ಒಂದು ಕುಟುಂಬ) ಪರಿಚಯ ಬೇಕು. ಮಾತಿಗೆ 6,000ದಿಂದ 7,000. ಪಟ್ಟಿ ಉರುಹೊಡೆದು ಅಷ್ಟು ದೂರ ಹೋದವರು ವಿರಳ. ಫಿಜಿ ದ್ವೀಪದ ಹಳ್ಳಿಶಾಲೆಗಳಲ್ಲಿ 1980ರ ದಶಕದ ಆರಂಭದಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ತರಗತಿಗಳಿಗೆ ಕಥೆಪುಸ್ತಕಗಳನ್ನು ಸುರಿದರು. ಆ ಮಕ್ಕಳು ಓದಿನಲ್ಲಷ್ಟೇ ಅಲ್ಲ, ಆಲಿಸುವುದರಲ್ಲೂ ಉಳಿದವರನ್ನು ಹಿಂದೆ ಹಾಕಿದರು. ವೆಸ್ಟ್ ಢಾಕಾದಲ್ಲಿ ಕೇಳಿದ್ದೂ ಇದನ್ನೇ.

ಪರೀಕ್ಷೆಗಳು ಈಚೆಗೆ ವೇಗವಾಗಿ ರೂಪ ಬದಲಿಸುತ್ತಿವೆ. ಟೋಫೆಲ್ 2005ರಲ್ಲಿ ಇಂಟರ್ನೆಟ್ಟಿಗೆ ಬಂತು, 2023ರಲ್ಲಿ ಎರಡು ಗಂಟೆಯೊಳಗೆ ಇಳಿಯಿತು, 2026ರ ಜನವರಿಯಿಂದ ಅದರ ರೀಡಿಂಗ್ ಮತ್ತು ಲಿಸನಿಂಗ್ ಅಭ್ಯರ್ಥಿಯ ಮಟ್ಟ ನೋಡಿ ಮುಂದಿನ ಪ್ರಶ್ನೆಗಳನ್ನು ಕೊಡುವ ಬಗೆಯವಾಗಿವೆ. ಡ್ಯುಯೊಲಿಂಗೊ ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದು. ನಮ್ಮಲ್ಲಿ ಗ್ರಾಮೀಣ ಬ್ಯಾಂಕ್ ಹುದ್ದೆಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು 2019ರಲ್ಲಿ ಅವಕಾಶವಾಯಿತು. ಹೊರದೇಶದ ದಾರಿಯಲ್ಲಿ ಅಂಥ ಆಯ್ಕೆ ಇಲ್ಲ.

ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಕನ್ನಡದ ಕಿವಿಯ ತೊಡಕು ಮಾತ್ರ ಲಾಡೊ ಹೇಳಿದಲ್ಲೇ ಇದೆ. ಅಕ್ಷರಕ್ಕೊಂದು ಸ್ವರ ಕೊಟ್ಟು ಓದುವವರು ನಾವು, ಇಂಗ್ಲಿಷನ್ನೂ ಹೆಚ್ಚಾಗಿ ಕಣ್ಣಿನಿಂದಲೇ ಕಲಿತವರು. ಪುಟದ ಮೇಲಿನ ವೆಜಿಟೇಬಲ್ ಗೊತ್ತು, ಹೆಡ್‌ಫೋನಿನಲ್ಲಿ ಬಂದ ‘ವೆಜ್‌ಟಬ್ಲ್’ ಯಾರೋ ಅಪರಿಚಿತ. ‘ವಾಟ್ ಡು ಯು ವಾಂಟ್ ಟು’ ಎಂಬ ಐದು ಪದ ‘ವಾಡ್ಯವಾನ’ ಆಗಿ ಬಂದರೆ ಪದಸಂಪತ್ತು ಇದ್ದೂ ಕೆಲಸಕ್ಕೆ ಬಾರದು. ಇದಕ್ಕೆ ಮದ್ದು ಗೊತ್ತಿರುವಂಥದ್ದೇ: ಒಂದು ನಿಮಿಷದ ಧ್ವನಿಯನ್ನು ಬರಹವಿಲ್ಲದೆ ಕೇಳುವುದು, ಕೇಳಿದಷ್ಟನ್ನು ಬರೆಯುವುದು, ಆಮೇಲೆ ಅಸಲು ಬರಹದ ಪಕ್ಕ ಇಟ್ಟು ಕಿವಿ ನುಂಗಿದ ಪದಗಳಿಗೆ ಗುರುತು ಹಾಕುವುದು, ಮತ್ತೆ ಕೇಳುವುದು. ಅಂಗಡಿಯಲ್ಲಿ ಸಿಗುವ ದಪ್ಪ ಗೈಡುಗಳು ಚೀನಾದವರಿಗೂ ಬ್ರೆಜಿಲಿನವರಿಗೂ ಒಂದೇ ಅಳತೆಯಲ್ಲಿ ಹೊಲಿದವು. ಕನ್ನಡ ಮಾತಾಡುವವರ ಕಿವಿ ಎಲ್ಲೆಲ್ಲಿ ಎಡವುತ್ತದೆ ಎಂದು ಪಟ್ಟಿಮಾಡಿ, ಧ್ವನಿಮುದ್ರಿಕೆಯೊಂದಿಗೆ ಬಂದ ಕೈಪಿಡಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.