ಉಷ್ಣವೆಂಬ ಒಂದೇ ಹೆಸರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೆರೆಯ ಕೋಡಿಯ ಬಳಿ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ್ದ ಕೋಡಿಯಮಠವನ್ನು ಕುರಿತ 1162ರ ಶಾಸನವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸು ಒಂದು ಮಾತಿನ ಬಳಿ ನಿಲ್ಲುತ್ತದೆ. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಓದುತ್ತಿದ್ದರು, ಸರಿ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುತ್ತಿದ್ದರೆಂದೂ ಅದೇ ಶಾಸನ ಹೇಳುತ್ತದೆ. ಜಗದ್ದಳ ಸೋಮನಾಥ ಕನ್ನಡದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಬರೆದದ್ದೂ ಆ ಶತಮಾನದಲ್ಲಿಯೇ.

ಅದಕ್ಕೂ ಬಹು ಹಿಂದಿನ ಚರಕಸಂಹಿತೆ ಮೂತ್ರಕೃಚ್ಛ್ರವನ್ನು, ಎಂದರೆ ಕಷ್ಟಪಟ್ಟು ಮೂತ್ರ ಹೋಗುವ ಬೇನೆಯನ್ನು, ಎಂಟು ಬಗೆಯಾಗಿ ವಿಂಗಡಿಸುತ್ತದೆ. ಕಲ್ಲಿನಿಂದ ಆಗುವುದು ಬೇರೆ, ಪಿತ್ತದಿಂದ ಉರಿದು ಕೆಂಪಾಗುವುದು ಬೇರೆ. ಕೆಳಮುಖವಾಗಿ ರಕ್ತ ಹರಿಯುವ ರಕ್ತಪಿತ್ತದ ವಿಚಾರ ಮತ್ತೊಂದು ಕಡೆ. ಹೆಂಗಸರ ಯೋನಿರೋಗಗಳು ಇಪ್ಪತ್ತೆಂಬ ಎಣಿಕೆ ಇನ್ನೊಂದು ಕಡೆ. ಅಲ್ಲಿ ಕೊಟ್ಟ ಕಾರಣಗಳೆಲ್ಲ ಇಂದು ನಿಲ್ಲುವಂಥವಲ್ಲ. ಆದರೆ ಕೆಂಪು ಕಂಡೊಡನೆ ಅದು ಯಾವ ಕೆಂಪು ಎಂದು ಕೇಳುವ ಪದ್ಧತಿಯಾದರೂ ಇತ್ತು. ನಮ್ಮ ಮನೆಗಳಲ್ಲಿ ಇವೆಲ್ಲಕ್ಕೂ ಉಳಿದದ್ದು ಒಂದೇ ಹೆಸರು: ಉಷ್ಣ. ಜೀರಿಗೆ ಕಷಾಯ, ಎಳನೀರು, ಬಾಳೆದಿಂಡಿನ ಪಲ್ಯ, ಅಲ್ಲಿಗೆ ಮುಗಿಯಿತು.

ರಕ್ತ ಕಂಡರೆ ಸುಮ್ಮನಿರುವ ಸೀಮೆ ಇದೆಂದು ಹೇಳುವಂತೆಯೂ ಇಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಜನರಿಗೆ ಜ್ವರ ಬಂದು ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ ಕಾಣಿಸಿತು. ಪುಣೆಯಿಂದ ವಿಜ್ಞಾನಿಗಳು ಬಂದರು. ಉಣುಗಿನಿಂದ ಹರಡುವ ವೈರಸ್ಸು ಪತ್ತೆಯಾಯಿತು. ಆ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಮೂಗಿನ ರಕ್ತವನ್ನು ಊರೆಲ್ಲ ನೋಡುತ್ತದೆ. ಬಚ್ಚಲಲ್ಲಿ ಕಂಡ ರಕ್ತವನ್ನು ಕಂಡವಳೊಬ್ಬಳೇ ಬಲ್ಲಳು. ಅದನ್ನು ಮುಟ್ಟಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾಳೆ.

ಇಂದಿನ ವೈದ್ಯಶಾಸ್ತ್ರವೂ ಬಗೆಗಳನ್ನು ಬೇರ್ಪಡಿಸಿಯೇ ನೋಡುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರದು ಅದರ ನಾಲ್ಕೈದು ಪಟ್ಟು. ಆದ್ದರಿಂದ ಅವರಲ್ಲಿ ಸೋಂಕು ಮೂತ್ರಕೋಶಕ್ಕೆ ಬೇಗ ಏರುತ್ತದೆ. ನಾಟಿಯ ದಿನ ಮರೆಯಿಲ್ಲದ ಗದ್ದೆಯಲ್ಲಿ, ನೀರು ಕುಡಿಯದೆ, ಮೂತ್ರ ತಡೆದುಕೊಂಡು ಸಂಜೆಯವರೆಗೆ ಬಗ್ಗಿ ದುಡಿಯುವವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆಯ ನೋವು ಕೂಡಿ ಬಂದರೆ ಹೆಚ್ಚಾಗಿ ಸೋಂಕೇ. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವ ಕಡುನೋವು, ಚರಕನೂ ಬೇರೆಯಾಗಿ ಎಣಿಸಿದ ಆ ಕಲ್ಲಿನದಿರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದುಂಟು. ಎಂಡೊಮೆಟ್ರಿಯೋಸಿಸ್ ಎಂದು ಅದರ ಹೆಸರು. ಅದು ತಿಂಗಳು ತಿಂಗಳೂ ಕಿಬ್ಬೊಟ್ಟೆಯನ್ನು ಹಿಂಡುತ್ತದೆ. ಅಪರೂಪಕ್ಕೆ ಮೂತ್ರಕೋಶಕ್ಕೂ ಹಬ್ಬಿದಾಗ ಮುಟ್ಟಿನ ದಿನಗಳಲ್ಲಿ ಮೂತ್ರದಲ್ಲಿಯೂ ರಕ್ತ ಕಾಣಬಹುದು. ನೋವಿಲ್ಲದೆ ಬರುವ ರಕ್ತಕ್ಕೇ ಹೆಚ್ಚು ಹೆದರಬೇಕು. ಮುಟ್ಟು ನಿಂತ ವಯಸ್ಸಿನಲ್ಲಿ ಅದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಒಮ್ಮೆ ಕಂಡು ನಿಂತುಹೋದರೂ ತೋರಿಸಬೇಕು. (ಬೀಟ್‌ರೂಟ್ ತಿಂದ ಮರುದಿನದ ಕೆಂಪೂ ಒಂದುಂಟು, ಆ ಮಾತು ಬೇರೆ.) ಚಳಿಜ್ವರ ಜೊತೆಗಿದ್ದರೆ, ಬಸುರಿಯಾಗಿದ್ದರೆ, ಅಂದೇ ಹೋಗತಕ್ಕದ್ದು.

ವೈದ್ಯರು ಮೊದಲು ಮೂತ್ರ ಪರೀಕ್ಷೆ, ಬೇಕೆನಿಸಿದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮುಟ್ಟಾದ ತಾರೀಖು ಯಾವುದು, ನೋವು ಎಲ್ಲಿ, ರಕ್ತ ಎಂದು ಕಂಡಿತು ಎಂದು ಕೇಳುತ್ತಾರೆ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೂ ಆಯಿತು.