ಡಿಕ್ರಿ ನೈಸೈ

ಡಿಕ್ರಿ ನೈಸೈ: ನಿಗದಿತ ಅವಧಿಯೊಳಗೆ ತಕ್ಕ ಆಕ್ಷೇಪ ರುಜುವಾತಾಗದಿದ್ದರೆ ಮಾತ್ರ ಅಂತಿಮಗೊಳ್ಳುವ ವಿಚ್ಛೇದನದ ಷರತ್ತುಬದ್ಧ ತೀರ್ಪು. ಅಲ್ಲಿಯವರೆಗೆ ಮದುವೆ ಊರ್ಜಿತದಲ್ಲಿರುತ್ತದೆ; ಮರುಮದುವೆಗೆ ಅವಕಾಶವಿಲ್ಲ.

ಉಗಮ: ಇಂಗ್ಲೆಂಡಿನಲ್ಲಿ ವಿಚ್ಛೇದನವನ್ನು ನ್ಯಾಯಾಲಯದ ವ್ಯಾಪ್ತಿಗೆ ತಂದದ್ದು 1857ರ ಕಾಯ್ದೆ. ಈ ಪದ್ಧತಿಯೂ ಅದರೊಂದಿಗೇ ಬಂತೆಂದು ಭಾವಿಸುವುದುಂಟು. ವಾಸ್ತವದಲ್ಲಿ ಇದು 1860ರ ತಿದ್ದುಪಡಿಯ ಫಲ. ದಂಪತಿಗಳು ಒಳಒಪ್ಪಂದ ಮಾಡಿಕೊಂಡು ಬರುತ್ತಿದ್ದಾರೆಂಬ ಶಂಕೆಯಿಂದ ಕನಿಷ್ಠ ಮೂರು ತಿಂಗಳ ಅಂತರವನ್ನು ಕಡ್ಡಾಯ ಮಾಡಲಾಯಿತು. ಆ ಅವಧಿಯಲ್ಲಿ ರಾಣಿಯ ಪ್ರಾಕ್ಟರ್ ಎಂಬ ಸರ್ಕಾರಿ ಅಧಿಕಾರಿ ಮಧ್ಯಪ್ರವೇಶಿಸಬಹುದಿತ್ತು. 1866ರಲ್ಲಿ ಅಂತರ ಆರು ತಿಂಗಳಾಯಿತು.

ಸಿಂಪ್ಸನ್ ಪ್ರಕರಣ: 1936ರ ಅಕ್ಟೋಬರ್ 27ರಂದು ಇಪ್ಸ್‌ವಿಚ್‌ನಲ್ಲಿ ವಾಲಿಸ್ ಸಿಂಪ್ಸನ್ ಡಿಕ್ರಿ ನೈಸೈ ಪಡೆದರು. ಅವರನ್ನು ಮದುವೆಯಾಗಲೆಂದು ದೊರೆ ಎಂಟನೆಯ ಎಡ್ವರ್ಡ್ ಡಿಸೆಂಬರ್‌ನಲ್ಲಿ ಸಿಂಹಾಸನ ತ್ಯಜಿಸಿದಾಗ ಅದಿನ್ನೂ ಅಂತಿಮವಾಗಿರಲಿಲ್ಲ. ಅದು ರದ್ದಾಗಿದ್ದರೆ ಅವರಿಗೆ ಕಿರೀಟವೂ ಇಲ್ಲ, ಮದುವೆಯೂ ಇಲ್ಲ ಎಂಬ ಸ್ಥಿತಿ ಒದಗುತ್ತಿತ್ತು. ಆಕ್ಷೇಪಕ್ಕೆ ಎಡೆಗೊಡದಂತೆ ಅವರು ಆಸ್ಟ್ರಿಯದಲ್ಲಿ, ವಾಲಿಸ್ ಫ್ರಾನ್ಸ್‌ನಲ್ಲಿ ಉಳಿದರು. ರಾಜನ ಪ್ರಾಕ್ಟರ್ ತನಿಖೆ ನಡೆಸಿದರೂ 1937ರ ಮಾರ್ಚ್‌ನಲ್ಲಿ ನ್ಯಾಯಾಲಯ ಡಿಕ್ರಿಯನ್ನು ರದ್ದುಮಾಡಲಿಲ್ಲ. ಮೇ 3ರಂದು ಅದು ಅಂತಿಮವಾಯಿತು. ಅರ್ಜಿದಾರರೇ ತಮ್ಮ ವ್ಯಭಿಚಾರವನ್ನು ಮುಚ್ಚಿಡುವುದು ಅಂದು ಮಧ್ಯಪ್ರವೇಶಕ್ಕೆ ಸಾಕಾದ ಕಾರಣ. 2003ರಲ್ಲಿ ಬಹಿರಂಗವಾದ ಪೊಲೀಸ್ ವಿಶೇಷ ಶಾಖೆಯ ಕಡತಗಳು ವಾಲಿಸ್‌ಗೆ ಇನ್ನೊಬ್ಬ ಪ್ರಿಯಕರನಿದ್ದನೆಂದು ಹೇಳುತ್ತವೆ. ಆ ವರದಿಯನ್ನು ಎಷ್ಟು ನಂಬಬೇಕೆಂಬ ವಿಷಯದಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ.

ಭಾರತದಲ್ಲಿ: ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆ ಈ ಪದ್ಧತಿಯನ್ನು ಆರು ತಿಂಗಳ ಅಂತರದೊಂದಿಗೆ ಅಳವಡಿಸಿಕೊಂಡಿತು. ಜಿಲ್ಲಾ ನ್ಯಾಯಾಲಯದ ವಿಚ್ಛೇದನ ಡಿಕ್ರಿಯನ್ನು ಹೈಕೋರ್ಟ್ ಸ್ಥಿರೀಕರಿಸಬೇಕಿತ್ತು. ಈ ಹೊರೆ 2001ರ ತಿದ್ದುಪಡಿಯವರೆಗೂ ಉಳಿಯಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಡಿಕ್ರಿ ನೈಸೈ ಇಲ್ಲ. ಆದರೆ ಮರುಮದುವೆಗೆ ಒಂದು ವರ್ಷ ಕಾಯಬೇಕೆಂಬ ನಿಯಮ 1976ರವರೆಗೆ ಅದರಲ್ಲಿತ್ತು.

ಈಚಿನ ಬೆಳವಣಿಗೆಗಳು: ಇಂಗ್ಲೆಂಡಿನಲ್ಲಿ ಅಂತರ ಈಗ ಆರು ವಾರ. 2022ರ ಏಪ್ರಿಲ್ 6ರಿಂದ ಹೊಸ ಪ್ರಕರಣಗಳಲ್ಲಿ ಇದರ ಹೆಸರು ‘ಷರತ್ತುಬದ್ಧ ಆದೇಶ’. ತಪ್ಪು ಹೊರಿಸುವ ಅಗತ್ಯವೇ ಹೋದದ್ದರಿಂದ ಒಳಒಪ್ಪಂದದ ಹಳೆಯ ಭಯಕ್ಕೆ ಆಧಾರವಿಲ್ಲ. ಆದರೂ ಪ್ರಾಕ್ಟರ್ ಹುದ್ದೆ ನಿರುಪಯುಕ್ತವಾಗಿಲ್ಲ: 2014ರಲ್ಲಿ ಆ ಅಧಿಕಾರಿಯ ಕೋರಿಕೆಯ ಮೇರೆಗೆ, ಸುಳ್ಳು ವಿಳಾಸ ಕೊಟ್ಟು ಹೂಡಿದ್ದ 180 ವಿಚ್ಛೇದನ ಪ್ರಕರಣಗಳನ್ನು ವಂಚನೆಯೆಂದು ನ್ಯಾಯಾಲಯ ಅನೂರ್ಜಿತಗೊಳಿಸಿತು. 2024ರ ಇನ್ನೊಂದು ಪ್ರಕರಣದಲ್ಲಿ ವಕೀಲರ ಕಚೇರಿಯವರು ಆನ್‌ಲೈನ್ ಪೋರ್ಟಲ್‌ನಲ್ಲಿ ಬೇರೆ ಕಕ್ಷಿದಾರರ ಕಡತ ತೆರೆದು ಅಂತಿಮ ಆದೇಶ ಕೋರಿದ್ದರು. 21 ನಿಮಿಷಗಳಲ್ಲಿ ಆದೇಶ ಹೊರಬಿತ್ತು. ಅದನ್ನು ಹಿಂಪಡೆಯಲು ನ್ಯಾಯಾಲಯ ಒಪ್ಪಲಿಲ್ಲ.